ಕೂಡದ ಐದನೇ ಗೆರೆ

ಮಾರ್ಚ್ 3, ಸೋಮವಾರ, ಸಂಜೆ 7.10

ಪರೀಕ್ಷಾ ಹಾಲಿನ ಚಾವಣಿಯ ಗಾರೆ ಕಳಚಿ ಬಿದ್ದಿದೆ. ಭಾನುವಾರ ಬಿದ್ದದ್ದರಿಂದ ಬೆಂಚುಗಳಿಗಷ್ಟೇ ಪೆಟ್ಟು. ಬೆಳಿಗ್ಗೆ 9.20ಕ್ಕೆ ಹೋಗಿ ನೋಡಿದೆ. ಮೂರನೇ ಸಾಲಿನಿಂದ ಆರನೇ ಸಾಲಿನವರೆಗೆ ಹೆಂಟೆ ಹೆಂಟೆ ಗಾರೆ. ಗೋಡೆ ಗಡಿಯಾರ ಮಾತ್ರ ಮೈತುಂಬ ಧೂಳು ಹೊದ್ದುಕೊಂಡು ಸರಿಯಾಗಿ ನಡೆಯುತ್ತಿತ್ತು. ಅದನ್ನು ಕಂಡು ಸ್ವಲ್ಪ ಸಮಾಧಾನವಾಯಿತು.

11.15ಕ್ಕೆ ಪ್ರಾಂಶುಪಾಲರು ಕರೆದರು. ದುರಸ್ತಿಗೆ ಐದು ವಾರ ಬೇಕಂತೆ, ಪರೀಕ್ಷೆಯೋ ಈ ವಾರವೇ. "ಈ ಸಲ ಪ್ರಶ್ನೆಪತ್ರಿಕೆ ಮನೆಗೇ ಕೊಟ್ಟು ಕಳಿಸಿಬಿಡಿ. ಗುರುವಾರ ಕೊಡಿ, ಸೋಮವಾರ ವಾಪಸ್ ತಗೊಳ್ಳಿ" ಎಂದರು. ಇಸ್ತ್ರಿಗೆ ಬಟ್ಟೆ ಕೊಟ್ಟು ತರುವವರ ಹಾಗೆ! ಮನೆಯಲ್ಲಿ ಪುಸ್ತಕ ಇರುತ್ತದೆ, ಫೋನು ಇರುತ್ತದೆ, ಅಣ್ಣ ಇರುತ್ತಾನೆ, ಅಣ್ಣನ ಗೆಳೆಯ ಇರುತ್ತಾನೆ. ಬರೆಯುವವನ ಸ್ವಂತ ತಲೆ ಒಂದು ಇರುವುದಿಲ್ಲ, ಅಷ್ಟೇ. ಇದನ್ನೆಲ್ಲ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹೊಸ ಮೇಡಂ, "ಸರ್, ಮುಂದೆ ಕೆಲಸಕ್ಕೆ ಸೇರಿದ ಮೇಲೆ ಇವರಿಗೆ ಯಾರು ಮೂರು ಗಂಟೆ ಟೈಮ್ ಕೊಟ್ಟು ಪುಸ್ತಕ ಕಿತ್ಕೊಳ್ತಾರೆ?" ಎಂದು ನಕ್ಕರು. ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳಾಗಿಲ್ಲ ಅವರಿಗೆ. ಪ್ರಾಂಶುಪಾಲರಿಗೆ ಆ ಮಾತು ಹಿಡಿಸಿತು. ಹಾಲೋ ಮನೆಯೋ, ಯಾವುದು ಒಳ್ಳೆಯದು ಎಂದು ಈ ಸಲದ ಅನುಭವ ನೋಡಿ ವರದಿ ಬರೆಯಬೇಕಂತೆ, 28ರ ಸಭೆಯಲ್ಲಿ ಓದಬೇಕಂತೆ. ಹಿರಿಯ ಎಂದು ಅದು ನನ್ನ ತಲೆಗೇ ಬಂತು.

ಬರೆಯುತ್ತೇನೆ. ಬರೆದು ಈ ಹುಚ್ಚಾಟಕ್ಕೆ ಒಂದೇ ಸಲ ಮಂಗಳ ಹಾಡುತ್ತೇನೆ.

ಮನೆಯವಳು ಲೈಬ್ರರಿ ಕೆಲಸ ಮುಗಿಸಿ 6.05ಕ್ಕೆ ಬಂದಳು. ವಿಷಯ ಹೇಳಿದೆ. "ಹಾಗಾದ್ರೆ ಈ ಸಲ ಗಂಟೆ ಹೊಡೆಯೋ ಭಾಗ್ಯ ಇಲ್ಲ ನಿಮಗೆ, ಪಾಪ" ಎಂದಳು. ಹುಡುಗರು ನನ್ನನ್ನು ಗಂಟೆ ಮೇಷ್ಟ್ರು ಎನ್ನುವುದನ್ನು ಇವಳಿಗೆ ಯಾರು ಹೇಳಿದರೋ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನನ್ನ ಹಾಲಿನಲ್ಲಿ ಕೊನೆಯ ಗಂಟೆ ಒಂದು ನಿಮಿಷ ತಡವಾಗಿಲ್ಲ. ಅದರಲ್ಲಿ ನಗುವುದೇನಿದೆ?

ಮಾರ್ಚ್ 5, ಬುಧವಾರ, ಸಂಜೆ 6.50

ಭೂಮಾಪನ ತರಗತಿಯಲ್ಲಿ ಹೇಳಿದೆ. 28 ಜನ. ಒಂದು ಕ್ಷಣ ಯಾರೂ ನಂಬಲಿಲ್ಲ, ಆಮೇಲೆ ಚಪ್ಪಾಳೆ ಹೊಡೆದರು. ನನಗೆ ಮೈ ಉರಿಯಿತು.

ಚಪ್ಪಾಳೆ ತಟ್ಟದವರು ಇಬ್ಬರು. ಒಬ್ಬ ಉದ್ದಣ್ಣ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವವನು. ಎದ್ದು ನಿಂತು, "ಸರ್, ನನಗೆ ಹಾಲೇ ಬೇಕಿತ್ತು. ಒಂದು ರೂಮಲ್ಲಿ ಆರು ಜನ ಇದ್ದೀವಿ. ನನ್ನದೇ ಅಂತ ಒಂದು ಟೇಬಲ್ ಸಿಗೋದು ಪರೀಕ್ಷೆ ದಿನ ಮಾತ್ರ" ಎಂದ. ಎಲ್ಲರೂ ನಕ್ಕರು. ವರದಿಗೆ ಒಳ್ಳೆಯ ಅಂಶ ಎಂದು ನಾನು ಬರೆದಿಟ್ಟುಕೊಂಡೆ.

ಇನ್ನೊಬ್ಬಳು ಸ್ಕೇಲು. ಅವಳ ಚೀಲದಿಂದ ಯಾವಾಗಲೂ ಉದ್ದನೆಯ ಮರದ ಅಳತೆಪಟ್ಟಿ ಇಣುಕುತ್ತಿರುತ್ತದೆ, ಅದಕ್ಕೇ ಆ ಹೆಸರು. ನನ್ನ ಪತ್ರಿಕೆಯಲ್ಲಿ ಎರಡು ಸಲ ಫೇಲು. ಒಮ್ಮೆ 29, ಇನ್ನೊಮ್ಮೆ 32. ಪಾಸಾಗಲು 40 ಬೇಕು. ಮೂರನೇ ಸಲವೂ ಹೋದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವುದು ಕಾಲೇಜಿನ ನಿಯಮ. ಉಳಿದ ಪತ್ರಿಕೆಗಳಲ್ಲಿ ಪರವಾಗಿಲ್ಲವಂತೆ, ನನ್ನದರಲ್ಲಿ ಮಾತ್ರ ಆಮೆ ನಡಿಗೆ. ಗಂಟೆ ಬಾರಿಸಿದ ಮೇಲೂ ಹಾಳೆ ಹಿಡಿದುಕೊಂಡು ಕೂತಿರುತ್ತಾಳೆ, ಕೈಯಿಂದ ಕಿತ್ತುಕೊಳ್ಳಬೇಕು. ಇವತ್ತು ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಸರ್, ಎಷ್ಟು ಸಲ ಬೇಕಾದ್ರೂ ಬಿಡಿಸಿ ನೋಡಬಹುದಾ?"

"ನಿನ್ನ ಮನೆ, ನಿನ್ನ ಪೆನ್ಸಿಲು" ಎಂದೆ.

ಮಾರ್ಚ್ 6, ಗುರುವಾರ, ಸಂಜೆ 7.00

ಪ್ರಶ್ನೆಪತ್ರಿಕೆ ಹಂಚಿಯಾಯಿತು. ಹೊಸದಾಗಿ ಏನೂ ಮಾಡಲು ಹೋಗಲಿಲ್ಲ, ಹಾಲಿಗೆಂದು ಸಿದ್ಧ ಮಾಡಿದ್ದನ್ನೇ ಕೊಟ್ಟೆ. ಕೊನೆಗೆ ಎಂದಿನಂತೆ 20 ಅಂಕಕ್ಕೆ ಐದು ಮೂಲೆಯ ಜಾಗ. ಐದು ಬದಿಗಳ ಉದ್ದ, ಐದು ಮೂಲೆಗಳ ಕೋನ ಕೊಟ್ಟಿರುತ್ತೇನೆ. ಅಳತೆಗೆ ತಕ್ಕಂತೆ ನಕ್ಷೆ ಬಿಡಿಸಿ ವಿಸ್ತೀರ್ಣ ಬರೆಯಬೇಕು. ನನ್ನ ನೋಟ್ಸಿನ 14ನೇ ಪುಟದಲ್ಲಿ ನಕ್ಷೆ ಸಮೇತ ಇದೆ. ಪ್ರತಿ ವರ್ಷ ಕೇಳುತ್ತೇನೆ, ಹುಡುಗರು ಕಣ್ಣು ಮುಚ್ಚಿಕೊಂಡು ಬಿಡಿಸುತ್ತಾರೆ. ಪಾಸು ಮಾಡಿಸಲೆಂದೇ ಇಟ್ಟ ಪ್ರಶ್ನೆ ಅದು.

ಚಹಾ ಕುಡಿಯುವಾಗ ಮನೆಯವಳನ್ನು ಕೇಳಿದೆ. "ಪುಸ್ತಕ ನೋಡ್ಕೊಂಡು ಬರೆದ್ರೆ ಅದೂ ಒಂದು ಓದಾ?"

"ದಿನಾ ಐವತ್ತು ಜನ ನನ್ನ ಮೇಜಿನ ಮುಂದೆ ಬಂದು ನಿಂತು ಏನಾದ್ರೂ ಕೇಳ್ತಾರೆ. ನನಗೆ ಉತ್ತರ ಗೊತ್ತಿರಲ್ಲ ರೀ, ಯಾವ ಕಪಾಟಲ್ಲಿದೆ ಅಂತ ಗೊತ್ತಿರುತ್ತೆ. ನಿಮ್ಮ ಲೆಕ್ಕದಲ್ಲಿ ನಾನು ಇಪ್ಪತ್ತಾರು ವರ್ಷದಿಂದ ನಕಲು ಮಾಡಿ ಸಂಬಳ ತಗೊಳ್ತಿದ್ದೀನಿ."

ಇವಳ ಹತ್ತಿರ ವಾದಕ್ಕೆ ಇಳಿಯುವುದನ್ನು ಬಿಡಬೇಕು.

ಮಾರ್ಚ್ 10, ಸೋಮವಾರ, ಸಂಜೆ 5.30

ಇಪ್ಪತ್ತೆಂಟೂ ಬಂದವು. ಕೆಲವದರ ಮೇಲೆ ಚಹಾ ಲೋಟದ ಉಂಗುರ. ಉದ್ದಣ್ಣನದರ ಮೇಲೆ ಯಾವುದೋ ಪುಟ್ಟ ಕೈಯ ಮಸಿ ಗುರುತು. ಕೆಂಪು ಪೆನ್ನಿಗೆ ಹೊಸ ರೀಫಿಲ್ ಹಾಕಿಟ್ಟೆ.

ಮಾರ್ಚ್ 13, ಗುರುವಾರ, ಸಂಜೆ 6.40

24 ಮುಗಿದವು. ನಾನು ಹೇಳಿದ್ದೇ ಆಯಿತು! ಐದು ಮೂಲೆಯ ನಕ್ಷೆ ಇಪ್ಪತ್ತನಾಲ್ಕರಲ್ಲೂ ಪಡಿಯಚ್ಚು. ನೋಟ್ಸಿನ ಹಾಳೆಯನ್ನು ಅಡಿಗಿಟ್ಟು, ಕಿಟಕಿ ಗಾಜಿಗೆ ಒತ್ತಿ ಹಿಡಿದು ಎಳೆದಿದ್ದಾರೆ. ಒಬ್ಬನ ಹಾಳೆಯ ಮೂಲೆಯಲ್ಲಿ "14" ಎಂಬ ಪುಟಸಂಖ್ಯೆಯೂ ಇದೆ, ಪುಣ್ಯಾತ್ಮ ಅದನ್ನೂ ಬಿಟ್ಟಿಲ್ಲ. ನಗು ತಡೆಯಲಾಗಲಿಲ್ಲ. ಉತ್ತರ ಸರಿ ಇರುವುದರಿಂದ ಅಂಕ ಕೊಡಲೇಬೇಕು, ಕೊಟ್ಟೆ. ವರದಿಯ ಮೊದಲ ವಾಕ್ಯ ಸಿಕ್ಕಿತು. "ಮನೆಗೆ ಕೊಟ್ಟ ಪರೀಕ್ಷೆ ವಿದ್ಯಾರ್ಥಿಯನ್ನಲ್ಲ, ಕಿಟಕಿಯ ಗಾಜನ್ನು ಪರೀಕ್ಷಿಸುತ್ತದೆ." ಚೆನ್ನಾಗಿದೆ. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಮಾರ್ಚ್ 14, ಶುಕ್ರವಾರ, ಸಂಜೆ 5.40

ಧೈರ್ಯಕ್ಕೂ ಒಂದು ಮಿತಿ ಬೇಡವೇ?

ಕೊನೆಗೆ ಉಳಿದದ್ದು ಸ್ಕೇಲಿನ ಪತ್ರಿಕೆ. ಪ್ರಶ್ನೆಯಲ್ಲಿ ಮೂರನೇ ಬದಿ 45 ಮೀಟರ್ ಎಂದು ಇದೆ. ಈ ಮಹಾತಾಯಿ 45ನ್ನು ಹೊಡೆದುಹಾಕಿ ಪಕ್ಕದಲ್ಲಿ 54 ಎಂದು ಬರೆದು, ತನ್ನಿಷ್ಟದ ಜಾಗ ಬಿಡಿಸಿದ್ದಾಳೆ. ಪ್ರಶ್ನೆಯನ್ನೇ ತಿದ್ದಿದ್ದಾಳೆ! ಇಷ್ಟು ವರ್ಷದ ಕೆಲಸದಲ್ಲಿ ಇದನ್ನು ಕಂಡಿರಲಿಲ್ಲ. ವಿಸ್ತೀರ್ಣ ಮಾತ್ರ ನೋಟ್ಸಿನದೇ, ಒಂದು ಅಂಕಿ ಅತ್ತಿತ್ತ ಇಲ್ಲ. ಅಂದರೆ ಉತ್ತರ ನಕಲು, ನಕ್ಷೆ ಸ್ವಂತ ಕಲ್ಪನೆ. ಕೆಳಗೊಂದು ಬಾಣ ಎಳೆದು "ಹಿಂಬದಿ ನೋಡಿ" ಅಂತ ಬೇರೆ. ನಕ್ಷೆ ಹಾಳೆಯ ಹಿಂಬದಿ ನಾನು ನೋಡುವುದಿಲ್ಲ. ಅಲ್ಲಿ ಬರೆದದ್ದಕ್ಕೆ ಬೆಲೆಯಿಲ್ಲ ಎಂದು ತರಗತಿಯ ಮೊದಲ ದಿನವೇ ಹೇಳಿರುತ್ತೇನೆ.

20ಕ್ಕೆ ಸೊನ್ನೆ. ಉಳಿದದ್ದೆಲ್ಲ ಕೂಡಿಸಿದರೆ 36. ನಾಲ್ಕು ಅಂಕ ಕಡಿಮೆ. ಮೂರನೇ ಸಲ.

ನಾನು ಮಾಡಿದ ನಿಯಮವಲ್ಲ ಅದು. ಕಾಲೇಜಿನದು.

ಮಾರ್ಚ್ 17, ಸೋಮವಾರ, ಸಂಜೆ 6.15

ಅವಳನ್ನು 1.30ಕ್ಕೆ ಕೋಣೆಗೆ ಕರೆದೆ. 1.28ಕ್ಕೇ ಬಾಗಿಲಲ್ಲಿದ್ದಳು.

"ಪ್ರಶ್ನೆ ತಿದ್ದೋಕೆ ನಿನಗೆ ಯಾರು ಅಧಿಕಾರ ಕೊಟ್ರು?"

"ಕೂಡ್ತಾ ಇರಲಿಲ್ಲ ಸರ್."

"ಏನು ಕೂಡ್ತಾ ಇರಲಿಲ್ಲ?"

"ಐದನೇ ಗೆರೆ ಸರ್. ಮೊದಲನೇ ಚುಕ್ಕೆಗೆ ಬಂದು ಸೇರಲ್ಲ."

"ಉಳಿದ ಇಪ್ಪತ್ತೇಳು ಜನಕ್ಕೆ ಸೇರಿದೆಯಲ್ಲಮ್ಮಾ!"

"ಹೌದು ಸರ್. ಅದೇ ನನಗೂ ಅರ್ಥ ಆಗಿಲ್ಲ. ಹಿಂದುಗಡೆ ಬರೆದಿದ್ದೀನಿ."

"ಹಿಂದುಗಡೆ ಬರೆದದ್ದು ನೋಡಲ್ಲ ಅಂತ ಹೇಳಿಲ್ವಾ ನಾನು?"

ತಲೆ ತಗ್ಗಿಸಿದಳು. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. "ಹೆಸರು ತೆಗೆದುಹಾಕ್ತಾರಾ ಸರ್?" ಎಂದಳು. ನಾಳೆ ತಂದೆಯನ್ನು ಕರೆದುಕೊಂಡು ಬಾ ಎಂದೆ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಂತೆ ಅವರದು, ಅಪ್ಪ ಒಬ್ಬರೇ ಇರುವುದರಿಂದ ಬಾಗಿಲು ಹಾಕಿ ಬರುವುದು ಕಷ್ಟವಂತೆ. ಹಾಗಾದರೆ ನಾನೇ ಬರುತ್ತೇನೆ ಎಂದುಬಿಟ್ಟೆ. ಮಗಳು ಏನು ಮಾಡಿದ್ದಾಳೆಂದು ಮನೆಯವರಿಗೂ ಗೊತ್ತಾಗಲಿ.

ಸಂಜೆಯ ಚಹಾ ಅರ್ಧಕ್ಕೇ ಬಿಟ್ಟೆ. ಸಕ್ಕರೆ ಸಾಲಲಿಲ್ಲವೋ ಏನೋ.

ಮಾರ್ಚ್ 18, ಮಂಗಳವಾರ, ಸಂಜೆ

ಅಂಗಡಿ ಎರಡು ಮಾರು ಅಗಲವೂ ಇಲ್ಲ. ಗೋಡೆಯ ತುಂಬ ಕಟ್ಟಿನ ಪಟ್ಟಿಗಳ ತುಂಡುಗಳನ್ನು ಮೊಳೆಗೆ ನೇತುಹಾಕಿದ್ದಾರೆ. ನೆಲದಲ್ಲಿ ಮರದ ಪುಡಿ. ಅವಳ ಅಪ್ಪ ಗರಗಸ ಕೆಳಗಿಟ್ಟು ಎದ್ದು ನಿಂತರು. "ಬನ್ನಿ ಸರ್, ಬನ್ನಿ. ಅಲ್ಲಿ ಕೂತ್ಕೋಬೇಡಿ, ಗೋಂದು ಇದೆ. ಇಲ್ಲಿ ಕೂತ್ಕೊಳ್ಳಿ."

ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಶುರು ಮಾಡುವ ಮೊದಲೇ ಅವರು ಒಂದು ಕಟ್ಟನ್ನು ಎತ್ತಿ ನನ್ನ ಮಡಿಲಿಗೇ ಇಟ್ಟರು.

"ಇದು ನೋಡಿ ಸರ್. ನಿನ್ನೆ ನಾನು ಮಾಡಿದ್ದು. ಮೂರು ಮೂಲೆ ಗಟ್ಟಿ, ನಾಲ್ಕನೇದು ಕೂದಲೆಳೆಯಷ್ಟು ಬಾಯಿ ಬಿಟ್ಟಿದೆ. ಪುಟ್ಟಿ ತುಂಬಿ ಬಣ್ಣ ಬಳಿದ್ರೆ ಗಿರಾಕಿಗೆ ಜನ್ಮದಲ್ಲಿ ಗೊತ್ತಾಗಲ್ಲ. ನಿಮ್ಮ ಶಿಷ್ಯೆ ಬಿಡಬೇಕಲ್ಲ! ಬಿಚ್ಚಿ ಮತ್ತೆ ಮಾಡಪ್ಪಾ ಅಂತ ತಲೆ ಮೇಲೆ ಕೂತಿದ್ದಾಳೆ."

"ಅಷ್ಟು ಸಣ್ಣ ಬಿರುಕಿಗಾ?"

"ಬಾಯಿ ಬಿಡೋದು ಕೊನೇ ಮೂಲೆ, ತಪ್ಪು ಇರೋದು ಇನ್ನೆಲ್ಲೋ ಅಂತಾಳೆ. ಅದೂ ನಿಜಾನೇ ಸರ್. ಯಾವುದೋ ಒಂದು ಪಟ್ಟಿ ಗಿಡ್ಡ ಕತ್ತರಿಸಿರ್ತೀವಿ. ಕೊನೇ ಮೂಲೆ ಪಾಪ ಏನೂ ಮಾಡಿರಲ್ಲ, ಬೈಗುಳ ಮಾತ್ರ ಅದಕ್ಕೇ."

ಪರೀಕ್ಷೆಗೆ ಮನೆಯಲ್ಲಿ ಯಾರಾದರೂ ಸಹಾಯ ಮಾಡಿದರೇ ಎಂದು ಕೇಳಿದೆ. ಅವರು ಭುಜ ತಿಕ್ಕಿಕೊಂಡು ನಕ್ಕರು. "ಅಯ್ಯೋ, ಶನಿವಾರ ಪೂರ್ತಿ ಹಿಂದಿನ ಖಾಲಿ ಜಾಗದಲ್ಲಿ ನನ್ನ ಕೈಲಿ ಗೂಟ ಹೊಡೆಸಿದ್ಲು. ಹುರಿ ಹಿಡ್ಕೊಂಡು ನಿಂತೂ ನಿಂತೂ ಕಾಲು ಬಿದ್ದುಹೋಯ್ತು. ಅದು ನಕಲು ಅಂತಾದ್ರೆ ನನಗೂ ಅರ್ಧ ಶಿಕ್ಷೆ ಕೊಡಿ ಸರ್."

ಹೇಳಬೇಕಾದ್ದನ್ನು ಹೇಳಲಿಲ್ಲ. ಚಹಾ ತರಿಸಿದರು, ಕುಡಿದು ಬಂದೆ. ಒಂಬತ್ತು ಮೀಟರ್ ಕಡಿಮೆ ಬಿತ್ತು, ಒಂಬತ್ತು ಮೀಟರ್ ಕಡಿಮೆ ಬಿತ್ತು ಅಂತ ಇಡೀ ದಿನ ಗೊಣಗುತ್ತಿದ್ದಳಂತೆ.

ಮಾರ್ಚ್ 19, ಬುಧವಾರ

ಇವತ್ತು ನಾನೇ ಬಿಡಿಸಿದೆ. ನೋಟ್ಸು ಮುಚ್ಚಿಟ್ಟು, ಪ್ರಶ್ನೆಯನ್ನಷ್ಟೇ ಮುಂದಿಟ್ಟುಕೊಂಡು.

ಕೂಡಲಿಲ್ಲ.

ಪೆನ್ಸಿಲ್ ಚೂಪು ಮಾಡಿ ಮತ್ತೆ ಬಿಡಿಸಿದೆ. ಕೋನಮಾಪಕ ಬದಲಾಯಿಸಿ ಮತ್ತೆ ಬಿಡಿಸಿದೆ. ನಾಲ್ಕನೇ ಸಲವೂ ಐದನೇ ಗೆರೆ ಮೊದಲ ಚುಕ್ಕೆಗಿಂತ ಒಂದು ಬೆರಳಗಲ ಆಚೆಗೇ ನಿಂತಿತು. ಆಮೇಲೆ ಸ್ಕೇಲಿನ ಹಾಳೆಯನ್ನು ತಿರುವಿ ಹಿಂಬದಿ ಓದಿದೆ.

ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿದ್ದಾಳೆ. "ಹನ್ನೊಂದು ಸಲ ಬಿಡಿಸಿದೆ. ಗೂಟ ನೆಟ್ಟೂ ನೋಡಿದೆ. ಪ್ರತಿ ಸಲ 9 ಮೀಟರ್ ತೆರಪು. ಆ ತೆರಪಿನ ಗೆರೆ ಮೂರನೇ ಬದಿಗೆ ಸಮಾನಾಂತರವಾಗಿದೆ. ಆದ್ದರಿಂದ ಕೊರತೆ ಇರುವುದು ಮೂರನೇ ಬದಿಯಲ್ಲಿ. 45ರ ಬದಲು 54 ಇಟ್ಟರೆ ಕೂಡುತ್ತದೆ. ಇದರಲ್ಲೇ ದಿನ ಕಳೆದು ಉಳಿದ ಪ್ರಶ್ನೆಗಳನ್ನು ಪೂರ್ತಿ ಬರೆಯಲಾಗಲಿಲ್ಲ. ನನ್ನದೇ ತಪ್ಪಿದ್ದರೆ ಕ್ಷಮಿಸಿ."

ತೆರಪು ಯಾವ ದಿಕ್ಕಿಗೆ ಬಾಯಿ ಬಿಟ್ಟಿದೆಯೋ ಆ ದಿಕ್ಕಿನ ಬದಿಯಲ್ಲೇ ತಪ್ಪು. ಇದನ್ನು ನಾನು ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರ್ಚ್ 20, ಗುರುವಾರ

ಟ್ರಂಕಿನ ತಳದಿಂದ ಹಳೆಯ ಅಳತೆ ಪುಸ್ತಕ ತೆಗೆದೆ. ಕೆಲಸಕ್ಕೆ ಸೇರಿದ ವರ್ಷ ಆ ಐದು ಮೂಲೆಯ ಜಾಗವನ್ನು ಬಿಸಿಲಲ್ಲಿ ನಿಂತು ಅಳೆದವನು ನಾನೇ. ಮೂರನೇ ಬದಿ 54 ಮೀಟರ್, ನನ್ನದೇ ಅಕ್ಷರ, ನನ್ನದೇ ಶಾಯಿ. ನೋಟ್ಸಿಗೆ ಬೆರಳಚ್ಚು ಮಾಡುವಾಗ ಅಂಕಿ ತಿರುವುಮುರುವಾಗಿದೆ. ನಕ್ಷೆ, ವಿಸ್ತೀರ್ಣ ಎರಡೂ ಅಳತೆ ಪುಸ್ತಕದಿಂದ ಬಂದದ್ದು, ಅವು ಸರಿ. ಬರೆದ ಅಂಕಿ ಮಾತ್ರ ತಪ್ಪು. ಅಲ್ಲಿಂದಾಚೆಗೆ ಪ್ರತಿ ವರ್ಷ ಅದೇ ತಪ್ಪು ಅಂಕಿಯನ್ನು ಪ್ರಶ್ನೆಪತ್ರಿಕೆಗೆ ಇಳಿಸುತ್ತ ಬಂದಿದ್ದೇನೆ.

14ನೇ ಪುಟವನ್ನು ಮನೆಯವಳ ಮುಂದೆ ಹಿಡಿದೆ. ಕನ್ನಡಕ ಏರಿಸಿ ನೋಡಿ, "ಇದೇನ್ರೀ, 45 ಅಂತ ಬರೆದಿರೋ ಗೆರೆ 50 ಅಂತ ಬರೆದಿರೋ ಗೆರೆಗಿಂತ ಉದ್ದ ಇದೆ?" ಎಂದಳು. ನೋಡಿದ್ದು ಹೆಚ್ಚೆಂದರೆ ಎರಡು ನಿಮಿಷ. ಹತ್ತೊಂಬತ್ತು ತಂಡದ ಹುಡುಗರು ಇದನ್ನು ಬಾಯಿಪಾಠ ಮಾಡಿ ಬಂದು ಹಾಲಿನಲ್ಲಿ ಬಿಡಿಸಿ ಹೋಗಿದ್ದಾರೆ. ನಾನು ಒಂದೊಂದಕ್ಕೂ ಕೆಂಪು ಶಾಯಿಯಲ್ಲಿ ಸರಿ ಹಾಕಿದ್ದೇನೆ. ಯಾರೂ ನೋಡಿಲ್ಲ. ನೋಡಲು ಯಾರಿಗೆ ಸಮಯವಿತ್ತು? ಸಮಯ ಕೊಡದವನು ಯಾರು?

ಕಿಟಕಿ ಗಾಜಿನ ವಾಕ್ಯವನ್ನು ಹೊಡೆದುಹಾಕಿದೆ.

ಮಾರ್ಚ್ 21, ಶುಕ್ರವಾರ

ಹೋದ ಎರಡು ಪರೀಕ್ಷೆಗಳ ಉತ್ತರಪತ್ರಿಕೆಗಳು, ಹುಡುಗರಿಗೆ ತೋರಿಸಿ ವಾಪಸ್ ಪಡೆದವು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಟ್ಟು ಕಟ್ಟಿ ಬಿದ್ದಿವೆ. ಅಟೆಂಡರ್ ಬೀಗ ತೆಗೆದುಕೊಟ್ಟ. ಅವಳವು ಸಿಕ್ಕವು.

ಮೊದಲ ಪತ್ರಿಕೆಯಲ್ಲಿ ಐದು ಮೂಲೆಯ ಜಾಗ ನಾಲ್ಕು ಸಲ ಬಿಡಿಸಿ, ನಾಲ್ಕು ಸಲ ಹೊಡೆದುಹಾಕಿದೆ. ಎರಡನೇ ಪತ್ರಿಕೆಯಲ್ಲಿ ಏಳು ಸಲ. ಏಳನೆಯದು ಅರ್ಧಕ್ಕೇ ನಿಂತಿದೆ, ಕೊನೆಯ ಗೆರೆ ಹಾಳೆಯಂಚಿನ ತನಕ ಸರ್‍ರನೆ ಎಳೆದುಹೋಗಿದೆ. ನಾನು ಕಿತ್ತುಕೊಂಡಾಗ ಆದದ್ದು ಅದು. ಮಾರ್ಜಿನ್ನಿನಲ್ಲಿ ಅವಳ ಅಕ್ಷರ, "ಕೂಡುತ್ತಿಲ್ಲ". ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ನನ್ನ ಅಕ್ಷರ.

"ಗಮನವಿಟ್ಟು ಬಿಡಿಸು."

ಆ ಧೂಳಿನ ಕೋಣೆಯಲ್ಲೇ ಕೂತುಬಿಟ್ಟೆ. ನಾಚಿಕೆಯಾಯಿತು. ಬೇರೆ ಯಾವ ಪದವೂ ಅದಕ್ಕೆ ಸರಿಹೊಂದುವುದಿಲ್ಲ. ಇಡೀ ಹಾಲಿನಲ್ಲಿ ಗಮನವಿಟ್ಟು ಬಿಡಿಸಿದವಳು ಅವಳೊಬ್ಬಳೇ. ಅದಕ್ಕೇ ಅವಳಿಗೆ ಉಳಿದ ಪ್ರಶ್ನೆಗಳಿಗೆ ಸಮಯ ಸಾಲಲಿಲ್ಲ, ಅದಕ್ಕೇ ಫೇಲು. ಅಟೆಂಡರ್ ಬಂದು, "ಏನ್ ಸರ್, ತಲೆ ಸುತ್ತು ಬಂತಾ? ನೀರು ತರ್ಲಾ?" ಎಂದ. ಹೌದು ಎಂದೆ. ನೀರು ಕುಡಿದೆ.

ಮಾರ್ಚ್ 24, ಸೋಮವಾರ

ಎರಡು ರಾತ್ರಿ ಮಾತು ಕೂಡಿಸಿದ್ದೆ. ಅವಳು ಬಂದಾಗ ಅದನ್ನೆಲ್ಲ ಬಿಟ್ಟೆ. ಅಳತೆ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

ಅವಳು ಬಗ್ಗಿ ನೋಡಿದಳು. "ಐವತ್ತನಾಲ್ಕು" ಎಂದಳು. ಆಮೇಲೆ ಇನ್ನೊಂದು ಸಲ, ದನಿ ಎತ್ತಿ, "ಐವತ್ತನಾಲ್ಕು ಸರ್!"

"ಹೌದಮ್ಮ. ತಪ್ಪು ನನ್ನದು. ಮೂರು ಸಲವೂ ನನ್ನದೇ. ನಿನ್ನ ಹತ್ತಿರ ಕ್ಷಮೆ ಕೇಳಬೇಕು ಅಂತ ಕರೆದೆ."

ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ, ನನಗೂ. "ನನಗೆ ಕಣ್ಣಲ್ಲೇ ಏನೋ ಐಬು ಅಂದ್ಕೊಂಡಿದ್ದೆ ಸರ್. ಅಪ್ಪ ಕಣ್ಣಿನ ಡಾಕ್ಟರ್ ಹತ್ರಾನೂ ಕರ್ಕೊಂಡು ಹೋಗಿದ್ರು" ಎಂದಳು. ನಾನು ಅಳತೆ ಪುಸ್ತಕ ಮುಚ್ಚಿಟ್ಟೆ. ಆಮೇಲೆ ಅವಳೇ ಕೇಳಿದಳು. "ಹಾಗಾದ್ರೆ ನಾನು ಪಾಸಾ ಸರ್?"

36ಕ್ಕೆ 20 ಕೂಡಿಸಿದರೆ 56. ಹಳೆಯ 29, 32ಕ್ಕೂ ಸೇರಿಸಿ ಲೆಕ್ಕ ಹಾಕಿದೆ. ಅವಳು ಒಂದು ಸಲವೂ ಫೇಲಾಗಿರಲೇ ಇಲ್ಲ.

ಆದರೆ ಪಟ್ಟಿಗೆ ಹೋದ ಅಂಕವನ್ನು ತಿದ್ದಲು ಸಭೆ ಒಪ್ಪಬೇಕು. ಶುಕ್ರವಾರದ ತನಕ ಕಾಯಬೇಕು ಎಂದೆ. "ಕಾಯ್ತೀನಿ ಸರ್, ಅದು ರೂಢಿಯಾಗಿದೆ" ಎಂದಳು. ಕುಟುಕಿದಳೋ, ಸುಮ್ಮನೆ ಹೇಳಿದಳೋ ಗೊತ್ತಾಗಲಿಲ್ಲ.

ಮಾರ್ಚ್ 28, ಶುಕ್ರವಾರ

ಸಭೆಗೆ ಮೊದಲೇ ಪ್ರಾಂಶುಪಾಲರು ನನ್ನನ್ನು ಪಕ್ಕಕ್ಕೆ ಕರೆದರು. ವರದಿ ಓದಿ ಅವರಿಗೆ ಬೆವರು ಬಂದಿತ್ತು. "ಈ ನೋಟ್ಸಿನ ವಿಷಯ ಬೇಕಾ ಇದರಲ್ಲಿ? ಸುಮ್ನೆ ಹೊಸ ನೋಟ್ಸ್ ಹಂಚಿಬಿಡಿ. ಆ ಹುಡುಗಿಗೆ ಹೇಗೋ ನಾಲ್ಕು ಅಂಕ ಕೊಡೋಣ. ನಿಮ್ಮ ಹೆಸರು ಯಾಕೆ ಹಾಳಾಗಬೇಕು?"

"ನಾಲ್ಕು ಅಂಕ ಕೊಡೋದಲ್ಲ ಸರ್, ಅವಳದು ಅರವತ್ತು ಅಂಕ ನಾವು ಕೊಡಬೇಕಾದ್ದು" ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಅಟೆಂಡರ್ ಇಣುಕಿ ನೋಡಿದ.

ಒಳಗೆ ಓದಿದೆ. ನಾನು ಬರೆದದ್ದು ಇಷ್ಟು. ಹಾಲಿನಲ್ಲಿ ಹುಡುಗರು ನನ್ನ ನೋಟ್ಸನ್ನು ತಲೆಯಲ್ಲಿ ಹೊತ್ತು ತಂದು ಇಳಿಸುತ್ತಿದ್ದರು, ಈ ಸಲ ಕೈಯಲ್ಲಿ ಹಿಡಿದುಕೊಂಡು ಇಳಿಸಿದರು. ಎರಡೂ ನಕಲೇ, ನಕಲಿಗೆ ಅಂಕ ಕೊಡುತ್ತ ಬಂದವನು ನಾನು. ಮನೆಯಲ್ಲಿ ನಾಲ್ಕು ದಿನ ಸಿಕ್ಕಿದ್ದರಿಂದ ಒಬ್ಬಳು ತಪ್ಪು ಹುಡುಕಿದಳು. ಅದೇ ನಾಲ್ಕು ದಿನದಲ್ಲಿ ಇನ್ನೊಬ್ಬನಿಗೆ ಹಾಳೆ ಹರಡಲು ಒಂದು ಮೂಲೆಯೂ ಸಿಗಲಿಲ್ಲ. ಒಬ್ಬಳಿಗೆ ಸಮಯ ಬೇಕು, ಒಬ್ಬನಿಗೆ ಜಾಗ ಬೇಕು. ಎರಡೂ ಕೊಡಬಹುದು. ಹಾಲನ್ನು ಬೆಳಗಿನಿಂದ ಸಂಜೆಯ ತನಕ ತೆರೆದಿಡೋಣ. ಪುಸ್ತಕ ತರಲಿ, ಬೇಕಾದಷ್ಟು ಹೊತ್ತು ಕೂತು ಬರೆಯಲಿ. ಮನೆಗೆ ಒಯ್ಯುವವರು ಒಯ್ಯಲಿ. ಆದರೆ ಪ್ರತಿಯೊಬ್ಬರಿಗೂ ಬೇರೆ ಜಾಗ, ಅವರೇ ಅಳೆದು ತಂದ ಜಾಗ. ತಂದ ಮೇಲೆ ಹತ್ತು ನಿಮಿಷ ನನ್ನ ಎದುರು ಕೂತು, ಹೇಗೆ ಮಾಡಿದೆ ಎಂದು ಬಾಯಲ್ಲಿ ಹೇಳಬೇಕು.

"ಸಂಜೆ ತನಕ ಹಾಲ್ ಕಾಯೋರು ಯಾರು?" ಎಂದು ಯಾರೋ ಕೇಳಿದರು.

"ನಾನು" ಎಂದೆ.

ಒಂದು ಅವಧಿಗೆ ಮಾಡಿ ನೋಡೋಣ ಎಂದು ಒಪ್ಪಿದರು. ಅವಳ ಮೂರು ಅಂಕಪಟ್ಟಿಗಳನ್ನೂ ತಿದ್ದಲು ಸಹಿ ಬಿತ್ತು. ಹಿಂದಿನ ವರ್ಷಗಳಲ್ಲಿ ಅವಳಂತೆ ಇನ್ನಾರಾದರೂ ಆ ಪ್ರಶ್ನೆಯಲ್ಲಿ ಸಿಕ್ಕಿಬಿದ್ದು ಹೋಗಿದ್ದಾರೋ ಏನೋ, ಅವರ ಹಾಳೆಗಳು ಈಗ ಇಲ್ಲ. ಅದು ನನ್ನ ಜೊತೆಗೇ ಇರುತ್ತದೆ. ಹೊರಗೆ ಬರುವಾಗ ಹೊಸ ಮೇಡಂ, "ಸರ್, ನಿಮ್ಮ ಜೊತೆ ಹಾಲ್ ಕಾಯೋಕೆ ನಾನೂ ಬರ್ತೀನಿ" ಎಂದರು. ಪರವಾಗಿಲ್ಲ, ಒಳ್ಳೆಯ ಹುಡುಗಿ.

ಕಟ್ಟಿನ ಅಂಗಡಿಯ ದಾರಿಯಲ್ಲೇ ಮನೆಗೆ ಬಂದೆ, ಸ್ವಲ್ಪ ಸುತ್ತು. ಅಪ್ಪ ಮಗಳಿಬ್ಬರೂ ಇದ್ದರು. ವಿಷಯ ಹೇಳಿದ್ದಷ್ಟೇ, ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಬಿಡಿಸಿಕೊಂಡಾಗ ಅಂಗೈ ತುಂಬ ಗೋಂದು.

ಏಪ್ರಿಲ್ 8, ಮಂಗಳವಾರ

ಇಡೀ ತರಗತಿಯನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಗೂಟ, ಸುತ್ತಿಗೆ, ಹುರಿ, ಟೇಪು. ಮೊದಲು 45 ಇಟ್ಟು ಅಳೆಯಿರಿ ಎಂದೆ. ಐದನೇ ಗೂಟದಿಂದ ಹುರಿ ಎಳೆದುಕೊಂಡು ಉದ್ದಣ್ಣ ಹೊರಟ. ಹುರಿಯ ಅಳತೆ ಮುಗಿಯಿತು, ಮೊದಲ ಗೂಟ ಇನ್ನೂ ಹನ್ನೆರಡು ಹೆಜ್ಜೆ ದೂರ. ಅಷ್ಟು ಉದ್ದನೆಯ ಆಸಾಮಿ ಕೈಯಲ್ಲಿ ಹುರಿ ಹಿಡಿದು ಬಯಲಲ್ಲಿ ಪೆಚ್ಚಾಗಿ ನಿಂತದ್ದು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. "ಸರ್, ಇಷ್ಟು ದೊಡ್ಡ ತೂತನ್ನ ನಾವು ಹಾಳೆ ಮೇಲೆ ನೋಡ್ಲೇ ಇಲ್ವಾ?" ಎಂದ. ನಾನೂ ನೋಡಿಲ್ಲಪ್ಪಾ ಎಂದೆ.

ಆಮೇಲೆ ಸ್ಕೇಲು ಮುಂದೆ ಬಂದು, ತೆರಪಿನ ಹುರಿ ಯಾವ ಬದಿಗೆ ಸಮಾನಾಂತರವಾಗಿದೆ ನೋಡಿ ಎಂದು ಎಲ್ಲರಿಗೂ ತೋರಿಸಿದಳು. ನಾನು ಹಿಂದೆ ನಿಂತು ಕೇಳಿದೆ. ನನಗಿಂತ ಚೆನ್ನಾಗಿ ಹೇಳುತ್ತಾಳೆ, ಅವಸರವಿಲ್ಲ. 54 ಇಟ್ಟು ಗೂಟ ಬದಲಾಯಿಸಿದರು. ಹುರಿ ಗಾಳಿಗೆ ಹಾರದಂತೆ ಒತ್ತಿಡಲು ಭಾರದ ವಸ್ತು ಬೇಕೆಂದರು, ಚೀಲದಲ್ಲಿದ್ದ ಪರೀಕ್ಷೆಯ ಕೈಗಂಟೆ ಕೊಟ್ಟೆ. ಈ ಸಲ ಐದನೇ ಗೆರೆ ಬಂದು ಮೊದಲ ಗೂಟಕ್ಕೆ ಸೇರಿತು. ಗಂಟು ಹಾಕಿದವಳು ಅವಳೇ.

ಮನೆಗೆ ಬಂದಾಗ ಮನೆಯವಳು, "ಎಷ್ಟು ಹೊತ್ತಾಯ್ತು ಗೊತ್ತಾ? ವಾಚ್ ಎಲ್ಲಿ ನಿಮ್ಮದು?" ಎಂದಳು. ಎಲ್ಲಿಟ್ಟಿದ್ದೇನೋ, ಹುಡುಕಬೇಕು. ಗಂಟೆಯನ್ನೂ ಮೈದಾನದಲ್ಲೇ ಮರೆತು ಬಂದಿದ್ದೇನೆ.

ಏಪ್ರಿಲ್ 17, ಗುರುವಾರ

ಹೊಸ ನೋಟ್ಸು ಅಚ್ಚಿಗೆ ಹೋಗುವ ಮೊದಲು ಒಮ್ಮೆ ನೋಡಿಕೊಡು ಎಂದು ಹೋದ ವಾರ ಸ್ಕೇಲಿಗೆ ಕೊಟ್ಟಿದ್ದೆ. "ಯಾವಾಗ ವಾಪಸ್ ಕೊಡಲಿ ಸರ್?" ಎಂದಿದ್ದಳು. ಮುಗಿದಾಗ ಕೊಡು ಎಂದಿದ್ದೆ.

ಇವತ್ತು ಕಾಲೇಜಿನ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಳು, ಮನೆಗೆ ತಂದು ನೋಡಿದೆ. 14ನೇ ಪುಟದಲ್ಲಿ ದೊಡ್ಡದೊಂದು ಸರಿ ಗುರುತು. ಖುಷಿಯಾಗಿ ಪುಟ ತಿರುವುತ್ತ ಹೋದೆ. 22ನೇ ಪುಟದಲ್ಲಿ ನಾಲೆಯ ನಕ್ಷೆಯಿದೆ, ಅದೂ ಹತ್ತೊಂಬತ್ತು ವರ್ಷ ಹಳೆಯದೇ. ಅದರ ಪಕ್ಕದಲ್ಲಿ ಒಂದು ಬಾಣ. "ಹಿಂಬದಿ ನೋಡಿ."

ತಿರುವಿದೆ. ಲೆಕ್ಕ ಮಾಡಿ ತೋರಿಸಿದ್ದಾಳೆ, ಇಳಿಜಾರು ಉಲ್ಟಾ ಆಗಿದೆ, ನನ್ನ ನಾಲೆಯಲ್ಲಿ ನೀರು ಮೇಲಕ್ಕೆ ಹರಿಯುತ್ತದೆ. ಅದರ ಕೆಳಗೆ ಪುಟ್ಟ ಅಕ್ಷರಗಳಲ್ಲಿ, ಕೆಂಪು ಶಾಯಿಯಲ್ಲಿ,

"ಗಮನವಿಟ್ಟು ಬಿಡಿಸಿ, ಸರ್."

ನಾನು ನಕ್ಕದ್ದು ಜೋರಾಗಿರಬೇಕು, ಮನೆಯವಳು ಒಳಗಿಂದ ಓಡಿಬಂದಳು. ಹಾಳೆ ಅವಳ ಕೈಗೆ ಕೊಟ್ಟು, ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ.